ಏರಿ ಮೇಲೆ ನೀರು ಹೊರಳಿದರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಳೆಗಾಲದಲ್ಲಿ ಕೆರೆ ಏರಿಗಳ ನಿಗಾ ಹೇಗಿರಬೇಕು ಎಂದು ಓದುಗರಿಂದ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಏರಿ ಮೇಲೆ ನೀರು ಹರಿಯುವುದರ ಕುರಿತಾಗಿದ್ದವು. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ನಮ್ಮೂರ ಕೆರೆ ಏರಿ 20 ಅಡಿ ಎತ್ತರ. ನೆತ್ತಿಯಲ್ಲಿ 10 ಅಡಿ, ಬುಡದಲ್ಲಿ ಹತ್ತಿರ ಹತ್ತಿರ 90 ಅಡಿ ಅಗಲ. ಇಡೀ ಕೆರೆ ನೀರನ್ನು ತಡೆದು ನಿಂತಿರುವ ಇಂಥ ಗುಡ್ಡೆ, ಮೇಲಿಂದ ಒಂದಡಿ ನೀರು ಹರಿದ ಮಾತ್ರಕ್ಕೆ ಹೇಗೆ ಒಡೆಯುತ್ತದೆ?
– ಓದುಗರು, ಹೊಳಲ್ಕೆರೆ

ಉತ್ತರ: ನಿಂತ ನೀರು ನೂಕುತ್ತದೆ, ಹರಿಯುವ ನೀರು ಕೊರೆಯುತ್ತದೆ. ಏರಿಯ ಅಗಲ, ತೂಕ ಎಲ್ಲ ಲೆಕ್ಕ ಹಾಕಿರುವುದು ನೂಕನ್ನು ತಡೆಯಲು. ನೀರಿನ ಕಡೆಯ ಮೈಗೆ ಕಲ್ಲುಹೊದಿಕೆ ಇರುತ್ತದೆ, ಅದು ಅಲೆ ಹೊಡೆತಕ್ಕೆ. ಗದ್ದೆ ಕಡೆಯ ಮೈಗೆ ಏನಿದೆ? ಬರೀ ಮಣ್ಣು, ಪುಣ್ಯವಿದ್ದರೆ ಹುಲ್ಲು. ಏರಿ ಹತ್ತಿದ ನೀರು ಇಳಿಯುವುದು ಆ ಕಡೆಗೇ.

ನೀವು ಹೇಳಿದ ಒಂದಡಿ ನೀರನ್ನೇ ತೆಗೆದುಕೊಳ್ಳಿ. ಏರಿಯ ಪ್ರತಿ ಅಡಿ ಉದ್ದಕ್ಕೆ ಸೆಕೆಂಡಿಗೆ ಸುಮಾರು 85 ಲೀಟರ್ ದಾಟುತ್ತದೆ. ಎರಡಡಿ ಅಡ್ಡಕ್ಕೆ ಒಂದಡಿ ಇಳಿಯುವ ಇಳಿಜಾರಿನಲ್ಲಿ ಅದು ಇಳಿಯುತ್ತ ಮೂರು ಇಂಚಿನಷ್ಟು ತೆಳುವಾಗುತ್ತದೆ. ವೇಗ ಮಾತ್ರ ಸೆಕೆಂಡಿಗೆ 12–13 ಅಡಿಗೆ ಏರುತ್ತದೆ. ಹುಲ್ಲಿಲ್ಲದ ಮಣ್ಣು ತಾಳುವುದು, ಮಣ್ಣಿನ ಜಾತಿ ನೋಡಿಕೊಂಡು, ಎರಡರಿಂದ ಐದು ಅಡಿ ವೇಗವನ್ನು. ಬುಡ 90 ಅಡಿ ಇದ್ದರೂ 200 ಅಡಿ ಇದ್ದರೂ ಕೊರೆತ ಶುರುವಾಗುವುದಕ್ಕೆ ಅದು ಅಡ್ಡಿಯಲ್ಲ.

ಕೊರೆತ ನೆತ್ತಿಯಿಂದ ಶುರುವಾಗುತ್ತದೆ ಅಂದುಕೊಳ್ಳುವವರೇ ಹೆಚ್ಚು. ಸಾಮಾನ್ಯವಾಗಿ ಅದು ಕೆಳಗೆ, ಗದ್ದೆ ಕಡೆಯ ಮೈಯಲ್ಲಿ, ಎಲ್ಲಿ ಮೈ ಒರಟಾಗಿದೆಯೋ ಅಲ್ಲಿ ಶುರುವಾಗುತ್ತದೆ. ದನ ಇಳಿಯುವ ಜಾಡು, ಹೆಗ್ಗಣದ ಬಿಲ, ಮರದ ಬುಡ, ಇಲ್ಲವೇ ಏರಿ ನೆಲಕ್ಕೆ ಕೂಡುವ ಮೂಲೆ. ಜೇಡಿ ಅಂಶವಿರುವ ಮಣ್ಣಾದರೆ ಅಲ್ಲಿ ಮೊದಲು ಗೇಣೆತ್ತರದ ಒಂದು ಮೆಟ್ಟಿಲು ಮೂಡುತ್ತದೆ. ಮೆಟ್ಟಿಲಿನಿಂದ ಧುಮುಕುವ ನೀರು ಅದರ ಕಾಲಬುಡದಲ್ಲೇ ಗುಂಡಿ ತೋಡುತ್ತದೆ. ಬುಡ ಕಳೆದುಕೊಂಡ ಮಣ್ಣು ಹೆಂಟೆಯಾಗಿ ಮಗುಚಿ ಬೀಳುತ್ತದೆ. ಮೆಟ್ಟಿಲು ಇನ್ನಷ್ಟು ಎತ್ತರವಾಗಿ ಒಂದು ಹೆಜ್ಜೆ ಕೆರೆಯ ಕಡೆಗೆ ಸರಿಯುತ್ತದೆ. ನಾಲ್ಕಾರು ಕಡೆ ಎದ್ದ ಇಂಥ ಮೆಟ್ಟಿಲುಗಳು ಕೂಡಿಕೊಂಡು, ಆಳೆತ್ತರದ ಒಂದೇ ಕಡಿದಾದ ಗೋಡೆಯಾಗಿ ನೆತ್ತಿಯನ್ನು ತಿನ್ನುತ್ತ ಬರುತ್ತವೆ.

ಜನ ಮೋಸಹೋಗುವುದು ಈ ಹಂತದಲ್ಲೇ. ನೆತ್ತಿಯ 10 ಅಡಿಯಲ್ಲಿ ಎಂಟು ಅಡಿ ಹೋಗಿದ್ದರೂ ಕೆರೆ ಕಡೆಯ ಅಂಚು ಹಾಗೇ ಇರುವುದರಿಂದ, ಮೇಲೆ ಹರಿಯುವ ನೀರು ಮೊದಲಿನಷ್ಟೇ ಕಾಣುತ್ತದೆ. ಆ ಅಂಚು ಬಿದ್ದಿತೋ, ಬಾಯಿ ತಗ್ಗುತ್ತದೆ, ತಗ್ಗಿದ ಬಾಯಿಗೆ ಹೆಚ್ಚು ನೀರು ನುಗ್ಗುತ್ತದೆ, ಹೆಚ್ಚು ನೀರು ಬಾಯಿಯನ್ನು ಇನ್ನೂ ತಗ್ಗಿಸುತ್ತದೆ. ಅಲ್ಲಿಂದಾಚೆಗೆ ಲೆಕ್ಕ ನಿಮಿಷಗಳದ್ದು. ನೆಲ ಮುಟ್ಟಿದ ಮೇಲೆ ಬಾಯಿ ಅಕ್ಕಪಕ್ಕಕ್ಕೆ ಅಗಲವಾಗುತ್ತದೆ. ಬದಿಗೋಡೆಗಳ ಬುಡ ಕೊರೆದು ಮೇಲಿನದು ಚಪ್ಪಡಿ ಚಪ್ಪಡಿಯಾಗಿ ಕುಸಿಯುತ್ತದೆ. ಒಡೆದ ಏರಿಗಳಲ್ಲಿ ಬಾಯಿಯ ಅಗಲ ಸಾಮಾನ್ಯವಾಗಿ ಎತ್ತರದ ಎರಡರಿಂದ ಐದು ಪಟ್ಟು. ನಿಮ್ಮದಕ್ಕೆ 40ರಿಂದ 100 ಅಡಿ ಅಂದುಕೊಳ್ಳಿ. ಕೆರೆಯಲ್ಲಿ 10 ದಶಲಕ್ಷ ಘನ ಅಡಿ ನೀರಿದ್ದರೆ ಉತ್ತುಂಗದಲ್ಲಿ ಸುಮಾರು 8,000 ಕ್ಯುಸೆಕ್ (ಸೆಕೆಂಡಿಗೆ 8,000 ಘನ ಅಡಿ) ಹೊರಬೀಳಬಹುದು. ಕೋಡಿಯಲ್ಲಿ ಜೀವಮಾನದಲ್ಲಿ ಹರಿಯದಷ್ಟು ನೀರು ಅದು.

ಪ್ರಶ್ನೆ: ಕೆಲವು ಏರಿಗಳು ಅರ್ಧ ಗಂಟೆಯಲ್ಲಿ ಒಡೆದವೆಂದು ಕೇಳುತ್ತೇವೆ. ಕೆಲವು ರಾತ್ರಿಯಿಡೀ ನೀರು ಹೊರಳಿದರೂ ನಿಂತಿವೆ. ಏಕೆ?
– ಓದುಗರು, ತರೀಕೆರೆ

ಉತ್ತರ: ಎಷ್ಟು ಆಳ, ಎಷ್ಟು ಹೊತ್ತು ಹರಿಯಿತು ಎಂಬುದು ಒಂದು. ಅದಕ್ಕಿಂತ ದೊಡ್ಡದು ಮಣ್ಣಿನ ಜಾತಿ ಮತ್ತು ಅದನ್ನು ದಮ್ಮಸು ಮಾಡಿದ ರೀತಿ. ಅಮೆರಿಕದ ಕೃಷಿ ಇಲಾಖೆಯವರು ಒಕ್ಲಹೋಮಾದ ಸ್ಟಿಲ್‌ವಾಟರ್ ಪ್ರಯೋಗಾಲಯದಲ್ಲಿ ಆಳೆತ್ತರದ ಏರಿಗಳನ್ನು ಕಟ್ಟಿ, ಬೇಕೆಂದೇ ಮೇಲಿಂದ ನೀರು ಹರಿಸಿ ಒಡೆದು ನೋಡಿದ್ದಾರೆ. ಮರಳುಮಿಶ್ರ ಮಣ್ಣಿನವು ಬೇಗ ಹೋದವು, ಜೇಡಿ ಹೆಚ್ಚಿದ್ದವು ಗಂಟೆಗಟ್ಟಲೆ ತಾಳಿದವು. ಒಂದೇ ಮಣ್ಣನ್ನು ಹದವಾದ ತೇವದಲ್ಲಿ ದಮ್ಮಸು ಮಾಡುವುದಕ್ಕೂ ಒಣಗಿದ್ದಾಗ ಮಾಡುವುದಕ್ಕೂ ಕೊರೆತದ ವೇಗದಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಬರುತ್ತದೆ. ಬೇಸಿಗೆಯಲ್ಲಿ ಟಿಪ್ಪರಿನಿಂದ ಒಣಮಣ್ಣು ಸುರಿದು, ಜೆಸಿಬಿ ಬಕೆಟ್ಟಿನಿಂದ ನಾಲ್ಕು ಏಟು ತಟ್ಟಿ 'ಏರಿ ಎತ್ತರಿಸಿದ್ದೇವೆ' ಅನ್ನುವ ಕಾಮಗಾರಿಗಳನ್ನು ಈ ಕಾರಣಕ್ಕೇ ನಂಬಬೇಡಿ. ಮೇಲಿನ ಆ ಎರಡಡಿ ಮಣ್ಣು ನೀರು ಮುಟ್ಟಿದೊಡನೆ ಕರಗುತ್ತದೆ.

ಮರಳುಮಣ್ಣಿನ ಏರಿಯಲ್ಲಿ ಮೆಟ್ಟಿಲು ಕಾಣುವುದಿಲ್ಲ. ಇಳಿಜಾರೇ ಪದರ ಪದರವಾಗಿ ತೊಳೆದುಹೋಗಿ ಚಪ್ಪಟೆಯಾಗುತ್ತದೆ. ಹಾಗಾಗಿ ಅಲ್ಲಿ ಮುನ್ಸೂಚನೆಯೂ ಕಡಿಮೆ.

ದಟ್ಟವಾಗಿ ಹಬ್ಬಿದ ಗರಿಕೆ ಹುಲ್ಲು ಕೆಲವು ಗಂಟೆ ಸಮಯ ಕೊಡುತ್ತದೆ. ಆದರೆ ಒಂದೇ ಕಡೆ ಮೊಳದಗಲ ಹುಲ್ಲು ಕಿತ್ತುಹೋಗಿದ್ದರೂ ನೀರು ಅಲ್ಲೇ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಬೇಸಿಗೆಗೆ ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ನಮ್ಮಲ್ಲಿ ಕೋಡಿ ಮೇಲೆ ಮರಳುಮೂಟೆ ಇಟ್ಟು ಒಂದಡಿ ಎತ್ತರಿಸಿದ್ದಾರೆ. ಏರಿ ಇನ್ನೂ ಎರಡಡಿ ಮೇಲಿದೆಯಲ್ಲ, ತೊಂದರೆ ಏನು?
– ಓದುಗರು, ಶಿರಾ

ಉತ್ತರ: ತೊಂದರೆ ದೊಡ್ಡದು. ಕೋಡಿಯ ಮೇಲೆ ಹರಿಯುವ ನೀರು ಆಳದ ನೇರ ಲೆಕ್ಕದಲ್ಲಿ ಏರುವುದಿಲ್ಲ. ಆಳವನ್ನು ಅದರ ವರ್ಗಮೂಲದಿಂದ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. 60 ಅಡಿ ಉದ್ದದ ಕೋಡಿ, ಅದಕ್ಕಿಂತ ಏರಿಯ ನೆತ್ತಿ ಮೂರಡಿ ಮೇಲೆ ಎಂದು ಇಟ್ಟುಕೊಳ್ಳೋಣ. ಕೋಡಿ ಮೇಲೆ ಒಂದಡಿ ನೀರಿದ್ದಾಗ ಸುಮಾರು 185 ಕ್ಯುಸೆಕ್, ಎರಡಡಿಗೆ 520, ಮೂರಡಿಗೆ 960 ಕ್ಯುಸೆಕ್ ಹರಿಯುತ್ತದೆ. ಅಂದರೆ ನೀರು ಏರಿ ಹತ್ತುವ ಮುನ್ನ ಕೋಡಿ ಸಾಗಿಸಬಲ್ಲದ್ದು 960. ಒಂದಡಿ ಮೂಟೆ ಇಟ್ಟಿರಿ, ಉಳಿದದ್ದು ಎರಡಡಿ, ಸಾಮರ್ಥ್ಯ 520ಕ್ಕೆ ಇಳಿಯಿತು. ಎತ್ತರದಲ್ಲಿ ಮೂರನೇ ಒಂದು ಪಾಲು ಕಳೆದುಕೊಂಡು, ಸಾಗಣೆಯಲ್ಲಿ ಹೆಚ್ಚೂಕಡಿಮೆ ಅರ್ಧ ಕಳೆದುಕೊಂಡಿದ್ದೀರಿ. ಜತೆಗೆ ಕೆರೆ ಮೊದಲೇ ಒಂದಡಿ ಹೆಚ್ಚು ತುಂಬಿರುತ್ತದೆ, ಅಬ್ಬರದ ಮಳೆ ನೀರನ್ನು ಸ್ವಲ್ಪ ಹೊತ್ತು ಹಿಡಿದಿಡಲು ಜಾಗವೂ ಇಲ್ಲ.

ಮೂಟೆಗಳು ಪ್ರವಾಹದಲ್ಲಿ ತಾವಾಗಿ ಕೊಚ್ಚಿಹೋಗುತ್ತವೆ ಎಂಬ ವಾದವಿದೆ. ಕೆಲವೊಮ್ಮೆ ಹೋಗುತ್ತವೆ, ಕೆಲವೊಮ್ಮೆ ಅವುಗಳ ಹಿಂದೆ ಜೊಂಡು, ಮುಳ್ಳುಕಂಟಿ ಸಿಕ್ಕಿ ಇನ್ನೂ ಗಟ್ಟಿ ಒಡ್ಡಾಗುತ್ತದೆ. ಅದೃಷ್ಟಕ್ಕೆ ಬಿಡುವ ವಿಷಯವಲ್ಲ. ನೀರು ಹೆಚ್ಚು ಬೇಕಿದ್ದರೆ ಹೂಳು ತೆಗೆಸಿ, ಇಲ್ಲವೇ ಕೋಡಿಯ ಉದ್ದ ಹೆಚ್ಚಿಸಿ ಆಮೇಲೆ ಎತ್ತರಿಸಿ. ಮೇಲಿನ ಉದಾಹರಣೆಯಲ್ಲಿ ಎರಡಡಿ ಆಳದಲ್ಲೇ 960 ಕ್ಯುಸೆಕ್ ಸಾಗಿಸಲು ಕೋಡಿ 110 ಅಡಿ ಉದ್ದ ಬೇಕು.

ಪ್ರಶ್ನೆ: ಮೀನು ಸಾಕಣೆಯವರು ಕೋಡಿಗೆ ಅಡ್ಡಲಾಗಿ ಬಲೆ ಕಟ್ಟುತ್ತಾರೆ. ಬಲೆಯಲ್ಲಿ ನೀರು ಹೋಗುತ್ತದಲ್ಲ?
– ಓದುಗರು, ಕುಣಿಗಲ್

ಉತ್ತರ: ತಿಳಿನೀರು ಹೋಗುತ್ತದೆ. ಪ್ರವಾಹದ ನೀರು ಎಲೆ, ಕಡ್ಡಿ, ಜೊಂಡು ಹೊತ್ತು ತರುತ್ತದೆ, ಬಲೆ ಗೋಡೆಯಾಗುತ್ತದೆ.

ಇದಕ್ಕೆ ಚರಿತ್ರೆಯಲ್ಲೇ ಭೀಕರ ಉದಾಹರಣೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಮಣ್ಣಿನ ಅಣೆಕಟ್ಟು, 72 ಅಡಿ ಎತ್ತರದ್ದು. ಶ್ರೀಮಂತರ ಮೀನುಗಾರಿಕೆ ಕ್ಲಬ್ಬೊಂದರ ಕೈಯಲ್ಲಿತ್ತು. ತಳದ ಹೊರಹರಿವಿನ ಕೊಳವೆಗಳನ್ನು ಹಿಂದೆಯೇ ಕಿತ್ತು ಮಾರಿದ್ದರು, ಮತ್ತೆ ಹಾಕಲಿಲ್ಲ. ಗಾಡಿಗಳು ಓಡಾಡಲಿ ಎಂದು ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. ನಡುಭಾಗ ಬೇರೆ ಸ್ವಲ್ಪ ಕುಸಿದಿತ್ತು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರಂದು ದೊಡ್ಡ ಮಳೆಗೆ ಜಾಲರಿ ಕಸದಿಂದ ಕಟ್ಟಿಕೊಂಡಿತು, ನೀರು ನಡುವಿನ ತಗ್ಗಿನಲ್ಲಿ ಏರಿ ಹತ್ತಿತು. ಕೂಲಿಗಳು ಇನ್ನೊಂದು ತುದಿಯಲ್ಲಿ ಹೊಸ ಕೋಡಿ ಕಡಿಯಲು ಹೊರಟರೆ ಗಟ್ಟಿ ನೆಲ ಸಿಕ್ಕಿ ಬೇಕಾದಷ್ಟು ಆಳ ಹೋಗಲಾಗಲಿಲ್ಲ. ಮಧ್ಯಾಹ್ನ ಏರಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಊರು ಮತ್ತು ಕಣಿವೆಯಲ್ಲಿ ಸತ್ತವರು 2,209 ಮಂದಿ.

ಆ ಪಟ್ಟಿಯನ್ನು ನಿಮ್ಮ ಕೆರೆಗೆ ಹಿಡಿದು ನೋಡಿ: ಕೆಟ್ಟುಹೋದ ತೂಬು, ಗಾಡಿ ಓಡಾಡಿ ತಗ್ಗಿದ ನೆತ್ತಿ, ಕೋಡಿಗೆ ಬಲೆ. ಎಷ್ಟೋ ಊರುಗಳಲ್ಲಿ ಮೂರೂ ಇವೆ. ಮೀನು ಉಳಿಯಲೇಬೇಕು ಅನ್ನುವವರು ಬಲೆಯನ್ನು ಕೋಡಿಯ ಬಾಯಲ್ಲಿ ಕಟ್ಟದೆ, ಕೆರೆಯೊಳಗೆ ದೂರದಲ್ಲಿ, ಕೋಡಿಯ ಹಲವು ಪಟ್ಟು ಉದ್ದಕ್ಕೆ ಬಳಸಿ ಕಟ್ಟಬೇಕು. ಮಳೆ ಜೋರಾದಾಗ ಬಿಚ್ಚಲು ಆಳು ಇರಬೇಕು. ಆಗುವುದಿಲ್ಲವೆಂದರೆ ಬಲೆ ಬೇಡ.

ಪ್ರಶ್ನೆ: ನೆತ್ತಿ ತಗ್ಗಿದೆಯೋ ಇಲ್ಲವೋ ಕಣ್ಣಳತೆಗೆ ಗೊತ್ತಾಗುವುದಿಲ್ಲ. ಸರ್ವೆಯವರನ್ನು ಕರೆಸಬೇಕೇ?
– ಓದುಗರು, ಮಧುಗಿರಿ

ಉತ್ತರ: ಮೊದಲ ನೋಟಕ್ಕೆ ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಪಾರದರ್ಶಕ ಪೈಪಿಗೆ ಗುಳ್ಳೆ ಉಳಿಯದಂತೆ ನೀರು ತುಂಬಿ, ಕೋಡಿಯ ಮೇಲ್ಮಟ್ಟದಿಂದ ಶುರುಮಾಡಿ. ಪ್ರತಿ 50 ಅಡಿಗೊಂದು ಗೂಟ ಹೊಡೆದು ನೆತ್ತಿ ಕೋಡಿಗಿಂತ ಎಷ್ಟು ಮೇಲಿದೆ ಎಂದು ಬರೆದುಕೊಳ್ಳಿ. ಅತಿ ತಗ್ಗಿನ ಅಂಕಿ ಯಾವುದೋ ಅದೇ ನಿಮ್ಮ ಏರಿಯ ನಿಜವಾದ ಎತ್ತರ. ಏರಿಯ ಎತ್ತರ ಹೆಚ್ಚಿರುವ ಹಳೇ ಹಳ್ಳದ ಜಾಗದಲ್ಲಿ, ತೂಬಿನ ಮೇಲೆ ಮತ್ತು ಗಾಡಿ ಹತ್ತುವ ಕಡೆ ತಗ್ಗು ಹೆಚ್ಚು. ಇಡೀ ಏರಿಯ ಮೇಲೆ ತೆಳುವಾಗಿ ಹರಿಯಬೇಕಾದ ನೀರೆಲ್ಲ ಆ 30–40 ಅಡಿಯಲ್ಲೇ ನುಗ್ಗುತ್ತದೆ. ತಗ್ಗು ತುಂಬಿಸುವುದು ಲಕ್ಷಾಂತರ ರೂಪಾಯಿಯ ಕೆಲಸವಲ್ಲ.

ಪ್ರಶ್ನೆ: ನಮ್ಮ ಕೆರೆ ಕೋಡಿ ಬಿದ್ದು ಇಪ್ಪತ್ತು ವರ್ಷ ಆಯಿತು. ಕೋಡಿ ಹಳ್ಳದಲ್ಲಿ ಈಗ ಅಡಿಕೆ ಗಿಡ ಹಾಕಿದ್ದಾರೆ. ಬಿಡಿಸಬೇಕೇ?
– ಓದುಗರು, ಹೊಸದುರ್ಗ

ಉತ್ತರ: ಬಿಡಿಸಬೇಕು. ನಿಮ್ಮದೇ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅದು ಕಲ್ಲಿನ ಕಟ್ಟೆ, ಏನೂ ಆಗಲಿಲ್ಲ. ನಿಮ್ಮದು ಮಣ್ಣಿನ ಏರಿ. ಕೋಡಿ ಹಳ್ಳ ಮುಚ್ಚಿದರೆ ನೀರು ಹಿಂದಕ್ಕೆ ಒತ್ತಿ ಕೋಡಿಯನ್ನೇ ಮುಳುಗಿಸುತ್ತದೆ, ಆಗ ಹಿಂದೆ ಹೇಳಿದ ಲೆಕ್ಕ ಯಾವುದೂ ನಡೆಯುವುದಿಲ್ಲ.

ಪ್ರಶ್ನೆ: ದೊಡ್ಡ ಅಣೆಕಟ್ಟುಗಳಲ್ಲಿ ಗೇಟು, ಎಂಜಿನಿಯರು ಎಲ್ಲ ಇರುವಾಗ ಇಂಥದ್ದು ಆಗಲಾರದು ಅಲ್ಲವೇ? ತುಂಗಭದ್ರಾ ಗೇಟು ಹೋದಾಗ ನಮಗೆಲ್ಲ ನಿದ್ದೆ ಇರಲಿಲ್ಲ.
– ಓದುಗರು, ಕಂಪ್ಲಿ

ಉತ್ತರ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ನೀರು ಗೇಟಿನ ಬಾಯಿಂದ ಹೋಯಿತು, ಕಟ್ಟೆಯ ಮೇಲಿಂದಲ್ಲ. ನಷ್ಟ ನೀರಿನದು. ಮಣ್ಣಿನ ಅಣೆಕಟ್ಟಿಗೆ ಹೆಚ್ಚು ಅಪಾಯ ಕಿತ್ತುಹೋದ ಗೇಟಿಗಿಂತ ತೆರೆಯಲಾಗದ ಗೇಟಿನಿಂದ.

ಗುಜರಾತಿನ ಮಚ್ಛೂ–2 ಅಣೆಕಟ್ಟನ್ನು ನೋಡಿ. ನಡುವೆ ಗೇಟುಗಳಿರುವ ಕಲ್ಲುಗಾರೆಯ ಭಾಗ, ಎರಡೂ ಕಡೆ ಉದ್ದನೆಯ ಮಣ್ಣಿನ ಏರಿ. ಗೇಟುಗಳ ಸಾಮರ್ಥ್ಯ ಸುಮಾರು ಎರಡು ಲಕ್ಷ ಕ್ಯುಸೆಕ್. 1979ರ ಆಗಸ್ಟ್ 11ರಂದು ಬಂದ ನೀರು ಅದರ ಮೂರು ಪಟ್ಟಿಗೆ ಹತ್ತಿರ. ಕೆಲವು ಗೇಟುಗಳು ಪೂರ್ತಿ ತೆರೆಯಲೂ ಇಲ್ಲ. ಎರಡೂ ಕಡೆಯ ಏರಿ ಕೊಚ್ಚಿಹೋಯಿತು, ನಡುವಿನ ಕಲ್ಲಿನ ಭಾಗ ನಿಂತೇ ಇತ್ತು. ಮೋರ್ಬಿ ಪಟ್ಟಣದಲ್ಲಿ ಸತ್ತವರ ಸಂಖ್ಯೆ ಸಾವಿರಗಟ್ಟಲೆ. 2021ರ ನವೆಂಬರಿನಲ್ಲಿ ಆಂಧ್ರದ ಕಡಪ ಜಿಲ್ಲೆಯ ಅನ್ನಮಯ್ಯ ಅಣೆಕಟ್ಟಿನಲ್ಲೂ ಕತೆ ಇದೇ. ಐದು ಗೇಟುಗಳಲ್ಲಿ ಒಂದು ಕೆಟ್ಟಿತ್ತು, ಮಣ್ಣಿನ ಏರಿ ಹೋಯಿತು.

ಕಲ್ಲು, ಕಾಂಕ್ರೀಟಿನ ಕಟ್ಟೆ ಮೇಲಿನ ಹರಿವನ್ನು ಹೆಚ್ಚು ತಾಳುತ್ತದೆ. ಇಟಲಿಯ ವಯೋಂಟ್ ಕಾಂಕ್ರೀಟ್ ಅಣೆಕಟ್ಟಿನ ಮೇಲೆ, 1963ರಲ್ಲಿ ಜಲಾಶಯದೊಳಕ್ಕೆ ಗುಡ್ಡ ಕುಸಿದು ಎದ್ದ ಅಲೆ ನೂರಾರು ಅಡಿ ಎತ್ತರದಲ್ಲಿ ದಾಟಿತು. ಊರುಗಳು ನಾಶವಾದವು, ಕಟ್ಟೆ ಇವತ್ತಿಗೂ ನಿಂತಿದೆ. ಹಾಗೆಂದು ಅದೂ ಅಭಯವಲ್ಲ. 1961ರ ಜುಲೈ 12ರಂದು ಪುಣೆಯ ಮೇಲಿನ ಪಾನ್‌ಶೆತ್ ಮಣ್ಣಿನ ಅಣೆಕಟ್ಟು ಒಡೆದು ಬಂದ ನೀರು ಖಡಕವಾಸ್ಲಾದ ಕಲ್ಲಿನ ಕಟ್ಟೆ ಮೇಲೆ ಹೊರಳಿ ಅದನ್ನೂ ಒಡೆಯಿತು. ನಮ್ಮ ಸರಣಿ ಕೆರೆಗಳಿಗೂ ಇದು ಅನ್ವಯಿಸುತ್ತದೆ: ಮೇಲಿನ ಕೆರೆ ಒಡೆದರೆ ಕೆಳಗಿನದರ ಕೋಡಿ ಎಷ್ಟು ಚೆನ್ನಾಗಿದ್ದರೂ ಸಾಲದು.

ಪ್ರಶ್ನೆ: ರಾತ್ರಿ ಹೊತ್ತು. ನೀರು ಏರಿ ಹತ್ತಲು ಗೇಣು ಬಾಕಿ. ಮಳೆ ನಿಂತಿಲ್ಲ. ಊರವರು ಏನು ಮಾಡಬೇಕು?
– ಓದುಗರು, ಹಾವೇರಿ

ಉತ್ತರ: ಮೊದಲು ಏರಿ ಕೆಳಗಿನ ಮನೆ, ತೋಟದ ಶೆಡ್ಡು, ಕೊಟ್ಟಿಗೆಗಳಲ್ಲಿ ಇರುವವರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳಿಸಿ. ಕೆಳಗಿನ ಊರಿಗೂ ಫೋನ್ ಮಾಡಿ. 112ಕ್ಕೆ, ತಹಶೀಲ್ದಾರರಿಗೆ, ಪಿಡಿಒಗೆ ತಿಳಿಸಿ. ಉಳಿದ ಕೆಲಸ ಇದಾದ ಮೇಲೆ.

ಎರಡನೆಯದು ಕೋಡಿ. ಬಲೆ ಕತ್ತರಿಸಿ, ಮೂಟೆ ಎಳೆದುಹಾಕಿ, ಸಿಕ್ಕಿರುವ ಕಂಟಿ ದಡದಲ್ಲಿ ನಿಂತೇ ದೋಟಿಯಿಂದ ಸರಿಸಿ. ಹರಿಯುವ ಕೋಡಿಗೆ ಯಾರೂ ಇಳಿಯಬಾರದು. ತೂಬು ಪೂರ್ತಿ ಎತ್ತಿ, ಆದರೆ ಅದರಿಂದ ಪವಾಡ ನಿರೀಕ್ಷಿಸಬೇಡಿ. ಕೋಡಿಯ ನೂರಾರು ಕ್ಯುಸೆಕ್ ಮುಂದೆ ಸಣ್ಣ ಕೆರೆಯ ತೂಬಿನದು ಬಹಳ ಕಡಿಮೆ. ಅದು ಜಾಮ್ ಆಗಿದ್ದರೆ ಮುಳುಗು ಹಾಕಿ ಬಿಡಿಸುವ ಸಾಹಸ ಬೇಡ, ತೂಬಿನ ಸೆಳೆತ ಜೀವ ತೆಗೆಯುತ್ತದೆ.

ಮೂರನೆಯದು ತಗ್ಗಿಗೆ ಮೂಟೆ. ಒಂದಡಿ ಎತ್ತರದ ಒಡ್ಡಿಗೆ ಪ್ರತಿ ಅಡಿ ಉದ್ದಕ್ಕೆ ಆರು ಚೀಲದಷ್ಟು ಬೇಕು, 40 ಅಡಿ ತಗ್ಗಿಗೆ 240. ಚೀಲ ಅರ್ಧದಿಂದ ಮುಕ್ಕಾಲಿನ ಒಳಗೇ ತುಂಬಿ. ಬಿಗಿಯಾಗಿ ತುಂಬಿದ ಚೀಲ ಒಂದಕ್ಕೊಂದು ಕೂರುವುದಿಲ್ಲ, ಸಂದಿಯಲ್ಲಿ ನೀರು ನುಗ್ಗುತ್ತದೆ. ಕೆರೆ ಕಡೆಯ ಅಂಚಿಗೆ, ಏರಿಯ ಉದ್ದಕ್ಕೆ ಮಲಗಿಸಿ, ಬಾಯಿ ಮಡಚಿ ಅಡಿಗೆ ಹಾಕಿ, ಇಟ್ಟಿಗೆ ಜೋಡಣೆಯಂತೆ ಸಂದಿ ತಪ್ಪಿಸಿ, ತುಳಿದು ಕೂರಿಸಿ. ತಳ ಅಗಲ, ಮೇಲೆ ಕಿರಿದು. ಮಣ್ಣು ಎಲ್ಲಿಂದ ತರುತ್ತೀರಿ ಎಂಬುದು ಮುಖ್ಯ. ಗಡಿಬಿಡಿಯಲ್ಲಿ ಏರಿಯ ಗದ್ದೆ ಕಡೆಯ ಮೈಯನ್ನೇ ಅಗೆಯುತ್ತಾರೆ. ಆ ಗುಂಡಿಯೇ ಕೊರೆತಕ್ಕೆ ಮೊದಲ ಮೆಟ್ಟಿಲಾಗುತ್ತದೆ. ಮಳೆಗಾಲಕ್ಕೆ ಮುನ್ನವೇ ಏರಿಯ ತುದಿಯಲ್ಲಿ ಎರಡು ಟ್ರ್ಯಾಕ್ಟರ್ ಲೋಡು ಮಣ್ಣು, 300 ಖಾಲಿ ಚೀಲ ಇಟ್ಟುಕೊಂಡಿದ್ದರೆ ಈ ಪೇಚಾಟ ಇರುವುದಿಲ್ಲ.

ತಗ್ಗಿನಲ್ಲಿ ನೀರು ಆಗಲೇ ತೆಳುವಾಗಿ ಹರಿಯುತ್ತಿದ್ದರೆ ದಪ್ಪ ಟಾರ್ಪಾಲನ್ನು ಗದ್ದೆ ಕಡೆಯ ಮೈಗೆ ಹಾಸಬಹುದು. ಅದರ ಮೇಲಂಚು ಕೆರೆ ಕಡೆಯ ಮೂಟೆಗಳ ಅಡಿಗೆ ಹೋಗಬೇಕು. ಎರಡು ಟಾರ್ಪಾಲು ಕೂಡುವಲ್ಲಿ ಮೇಲಿನದು ಕೆಳಗಿನದರ ಮೇಲೆ ಬರಬೇಕು. ನೀರು ಅಡಿಗೆ ಹೊಕ್ಕರೆ ಇಡೀ ಟಾರ್ಪಾಲು ಗಾಳಿಪಟವೇ. ಹಾಸುವವರು ನೆತ್ತಿಯಿಂದಲೇ ಇಳಿಬಿಡಬೇಕು, ಮೈ ಮೇಲೆ ಇಳಿಯಬಾರದು.

ಒಬ್ಬರು ಟಾರ್ಚು ಹಿಡಿದು ಗದ್ದೆ ಕಡೆಯನ್ನೇ ನೋಡುತ್ತಿರಲಿ. ಮಣ್ಣಿನ ಮೆಟ್ಟಿಲು ನೆತ್ತಿಯ ಅಂಚು ಮುಟ್ಟಿತು ಎಂದ ಕೂಡಲೇ ಎಲ್ಲ ಬಿಟ್ಟು ಏರಿಯ ತುದಿಗಳಿಗೆ ಓಡಿ. ನಡುವೆ ನಿಂತವರಿಗೆ ದಾರಿ ಉಳಿಯುವುದಿಲ್ಲ.

ಪ್ರಶ್ನೆ: ಅಂಥ ಹೊತ್ತಿನಲ್ಲಿ ಏರಿಯನ್ನೇ ಒಂದು ಕಡೆ ಕಡಿದು ನೀರು ಬಿಟ್ಟರೆ?
– ಓದುಗರು, ರಾಣೆಬೆನ್ನೂರು

ಉತ್ತರ: ಏರಿ ಕಡಿಯುವುದೆಂದರೆ ಒಡೆಯುವ ಕೆಲಸವನ್ನು ನೀವೇ ಮಾಡಿದ ಹಾಗೆ. ಕಡಿದ ಬಾಯಿ ನಿಮ್ಮ ಮಾತು ಕೇಳುವುದಿಲ್ಲ. ಹೆಚ್ಚುವರಿ ದಾರಿ ಬೇಕೇ ಬೇಕೆಂದರೆ ಏರಿ ಮುಗಿದು ಗಟ್ಟಿ ನೆಲ ಶುರುವಾಗುವ ಕಡೆ, ಏರಿಯಿಂದ ಸಾಕಷ್ಟು ಆಚೆ, ಬಂಡೆಯೋ ಗೊಚ್ಚೋ ಇರುವ ಜಾಗದಲ್ಲಿ, ಅಗಲವಾಗಿ, ಆಳ ಕಡಿಮೆ ಇಟ್ಟು ತೋಡಬೇಕು. ಅದೂ ಇಲಾಖೆಯ ಎಂಜಿನಿಯರ್ ಎದುರಿನಲ್ಲಿ. ಆ ಜಾಗ ಎಲ್ಲಿ ಎಂದು ಬೇಸಿಗೆಯಲ್ಲೇ ಗುರುತು ಹಾಕಿಸಿಕೊಳ್ಳಿ.

ಪ್ರಶ್ನೆ: ಏರಿ ಮೇಲೆ ಮರ ಇದ್ದರೆ ಬೇರು ಮಣ್ಣು ಹಿಡಿಯುತ್ತದೆ ಅಲ್ಲವೇ?
– ಓದುಗರು, ಚನ್ನಗಿರಿ

ಉತ್ತರ: ಹರಿವು ಕಾಂಡದ ಸುತ್ತ ಸುಳಿದು ಅಲ್ಲೇ ಗುಂಡಿ ತೋಡುತ್ತದೆ. ಮರ ಬಿದ್ದರೆ ಬೇರಿನ ಜತೆ ಗಾಡಿ ಮಣ್ಣೂ ಹೋಗುತ್ತದೆ. ಸಣ್ಣ ಗಿಡಗಳನ್ನು ಈಗಲೇ ಬೇರುಸಹಿತ ಕೀಳಿ. ದೊಡ್ಡ ಮರ ಕಡಿದು ಬೊಡ್ಡೆ ಬಿಡಬೇಡಿ, ಬೇರು ಕೊಳೆತು ಕೊಳವೆಯಾಗುತ್ತದೆ. ಎಂಜಿನಿಯರ್ ಸಲಹೆಯಂತೆ ಬೊಡ್ಡೆ ತೆಗೆದು ಗುಂಡಿಯನ್ನು ದಮ್ಮಸು ಮಾಡಿ ಮುಚ್ಚಬೇಕು.

ಪ್ರಶ್ನೆ: ನಮ್ಮ ಕೆರೆ ಯಾರ ಸುಪರ್ದಿ? ಅಣೆಕಟ್ಟು ಸುರಕ್ಷತಾ ಕಾಯ್ದೆ ಇದಕ್ಕೆ ಬರುತ್ತದೆಯೇ?
– ಓದುಗರು, ಕಡೂರು

ಉತ್ತರ: 2021ರ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ ಮತ್ತು 10ರಿಂದ 15 ಮೀಟರಿನ, ಕೆಲವು ಷರತ್ತಿಗೆ ಒಳಪಡುವವಕ್ಕೆ. ಹಳ್ಳಿ ಕೆರೆಗಳಲ್ಲಿ ಬಹುಪಾಲು ಅದರ ಹೊರಗೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯತಿ.

ಪ್ರಶ್ನೆ: ಹೋದ ಮಳೆಗಾಲದಲ್ಲಿ ಏರಿ ಮೇಲೆ ಒಂದು ಗಂಟೆ ನೀರು ಹರಿಯಿತು. ಒಡೆಯಲಿಲ್ಲ, ಗದ್ದೆ ಕಡೆ ಕೊರಕಲು ಬಿದ್ದಿವೆ. ಮಣ್ಣು ಹಾಕಿ ಮುಚ್ಚಿದರೆ ಸಾಕೇ?
– ಓದುಗರು, ಶಿಕಾರಿಪುರ

ಉತ್ತರ: ಕೊರಕಲಿಗೆ ಮೇಲಿಂದ ಮಣ್ಣು ಸುರಿದರೆ ಹಳೆ ಮೈಗೂ ಹೊಸ ಮಣ್ಣಿಗೂ ಅಂಟು ಬರುವುದಿಲ್ಲ, ಮುಂದಿನ ಮಳೆಗೆ ಅಲ್ಲೇ ಜಾರುತ್ತದೆ. ನೀರು ಇಳಿದ ಮೇಲೆ ಕೆಲಸ ಮಾಡಿ. ಮೊದಲು ನೆತ್ತಿಯಲ್ಲಿ ಏರಿಯ ಉದ್ದಕ್ಕೆ ಬಿರುಕು ಬಿಟ್ಟಿದೆಯೇ, ಬುಡದಲ್ಲಿ ರಾಡಿ ನೀರು ಜಿನುಗುತ್ತಿದೆಯೇ ನೋಡಿ. ಇವೆರಡರಲ್ಲಿ ಒಂದಿದ್ದರೂ ಕೈಹಾಕದೆ ಎಂಜಿನಿಯರನ್ನು ಕರೆಸಿ.

ಬರೀ ಕೊರಕಲಾದರೆ ಸಡಿಲ ಮಣ್ಣು, ಹುಲ್ಲು, ಬೇರು ತೆಗೆದು ಗಟ್ಟಿ ಮಣ್ಣು ಸಿಗುವವರೆಗೆ ಕೆತ್ತಿ. ಇಳಿಜಾರನ್ನು ಅಡಿ ಎತ್ತರದ ಅಡ್ಡ ಮೆಟ್ಟಿಲುಗಳಾಗಿ ಕಡಿದುಕೊಳ್ಳಿ, ಹೊಸ ಮಣ್ಣು ಅವುಗಳ ಮೇಲೆ ಕೂರಬೇಕು. ಏರಿಯದೇ ಜಾತಿಯ ಮಣ್ಣು ತನ್ನಿ. ಹದ ನೋಡಲು ಮುಷ್ಟಿಯಲ್ಲಿ ಹಿಡಿಯಿರಿ: ಉಂಡೆಯಾಗಬೇಕು, ಅಂಗೈಗೆ ಅಂಟಬಾರದು, ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕಾರು ತುಂಡಾಗಬೇಕು, ಪುಡಿಯಾಗಬಾರದು. ಬಿದ್ದು ಚಪ್ಪಟೆಯಾದರೆ ತೇವ ಹೆಚ್ಚು. ನಾಲ್ಕು ಇಂಚಿಗೆ ಮೀರದ ಪದರ ಹರವಿ, ಸಣ್ಣ ಜಾಗವಾದ್ದರಿಂದ ಕುಟ್ಟುವ ರ‍್ಯಾಮರ್ ಯಂತ್ರ ಅಥವಾ ಕೈ ದಿಮ್ಮಸಿನಿಂದ ಹಿಮ್ಮಡಿ ಊರದಷ್ಟು ಬಿಗಿ ಮಾಡಿ, ಮೇಲ್ಮೈ ಗೀರಿ ಮುಂದಿನ ಪದರ ಹಾಕಿ. ಮುಗಿದ ಮೈ ಅಕ್ಕಪಕ್ಕದ ಇಳಿಜಾರಿಗೆ ಸಮನಾಗಿರಲಿ, ಉಬ್ಬೂ ಬೇಡ ತಗ್ಗೂ ಬೇಡ. ಗರಿಕೆಯ ಹೆಪ್ಪುಗಳನ್ನು ಒತ್ತೊತ್ತಾಗಿ ನೆಟ್ಟು, ಬೇರು ಹಿಡಿಯುವವರೆಗೆ ನೀರು ಕೊಡಿ, ದನ ಬಿಡಬೇಡಿ. ನೀರು ಯಾವ ತಗ್ಗಿನಲ್ಲಿ ಹತ್ತಿತ್ತೋ ಆ ನೆತ್ತಿಯನ್ನು ಇದೇ ಕ್ರಮದಲ್ಲಿ, ಕುಸಿತಕ್ಕೆಂದು ಎರಡು–ಮೂರು ಇಂಚು ಹೆಚ್ಚಿಗೆ ಎತ್ತರಿಸಿ.